ಹೊಸ ಎಸ್‌ಎಂಪಿಎಸ್ ತರುವ ಮೊದಲು ಮೀಟರ್ ಹಿಡಿಯಿರಿ

(ದಾವಣಗೆರೆಯಲ್ಲಿ ಜೆರಾಕ್ಸ್–ಡಿಟಿಪಿ ಅಂಗಡಿಯವರು, ಗ್ರಾಮ ಒನ್ ಕೇಂದ್ರ ನಡೆಸುವವರು ಮತ್ತು ಶಾಲೆಗಳ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದೆ.)

ಕಂಪ್ಯೂಟರ್ ಆನ್ ಆಗಲಿಲ್ಲ ಅಂದ ಕೂಡಲೇ ನಮ್ಮ ಕಡೆ ಬರುವ ಮೊದಲ ಮಾತು, ‘ಎಸ್‌ಎಂಪಿಎಸ್ ಹೋಗೈತ್ರಿ.’ ಎಸ್‌ಎಂಪಿಎಸ್ ಅಂದರೆ ಗೋಡೆಯ ಎಸಿ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿನ ಡಿಸಿಗೆ ಇಳಿಸುವ, ಕ್ಯಾಬಿನೆಟ್ ಒಳಗಿನ ಡಬ್ಬಿ. ಹೊಸದು ತಂದು ಹಾಕುತ್ತಾರೆ. ಮಿಷನ್ ಓಡಿದರೆ ರೋಗ ಅದೇ ಆಗಿತ್ತು ಅಂತ ತೀರ್ಮಾನ. ಓಡದಿದ್ದರೆ ‘ಹಂಗಾರೆ ಮದರ್‌ಬೋರ್ಡು’ ಅಂತ ಇನ್ನೊಂದು ತೀರ್ಮಾನ. ಓಡಿ, ಎರಡು ತಿಂಗಳಿಗೆ ಮತ್ತೆ ನಿಂತರೆ ‘ಈಗಿನ ಮಾಲೇ ಹಂಗೆ’ ಅಂತ ಸಮಾಧಾನ. ಇಷ್ಟೆಲ್ಲ ಆಗುವಷ್ಟರಲ್ಲಿ ಒಮ್ಮೆಯೂ ಮೀಟರ್ ಹೊರಗೆ ಬಂದಿರುವುದಿಲ್ಲ.

ಇವತ್ತು ಹೇಳಬೇಕಾದ್ದು ಇಷ್ಟೇ. ಕರೆಂಟ್ ಗೋಡೆಯಿಂದ ಮದರ್‌ಬೋರ್ಡಿನವರೆಗೆ ಬರುವ ದಾರಿಯನ್ನು ಅದೇ ಕ್ರಮದಲ್ಲಿ ಅಳೆಯುತ್ತ ಬನ್ನಿ, ಎಲ್ಲಿ ನಿಂತಿದೆ ಅನ್ನುವುದು ಸಿಕ್ಕೇ ಸಿಗುತ್ತದೆ. ಎಸ್‌ಎಂಪಿಎಸ್ ಸತ್ತಿದ್ದೇ ನಿಜವಾದರೆ, ಅದನ್ನು ಕೊಂದದ್ದು ಏನು ಅಂತ ನೋಡದೆ ಹೊಸದನ್ನು ಅದೇ ಪ್ಲಗ್ಗಿಗೆ ಚುಚ್ಚಬೇಡಿ. ಬೇಕಾಗುವ ಸಾಮಾನು ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಚೂರು ವೈರು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಇಂಡಿಕೇಟರ್ ಬಲ್ಬು. ಬಲ್ಬು ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೋಡೆಯಿಂದ ಶುರು

ಮೀಟರ್ ಕೈಗೆ ತೆಗೆದುಕೊಂಡ ತಕ್ಷಣ ಕೆಂಪು ವೈರು ಯಾವ ತೂತಿನಲ್ಲಿದೆ ನೋಡಿ. ಹಿಂದಿನ ಸಲ ಯಾರೋ ಆಂಪಿಯರ್ ಅಳೆದು 10 ಆಂಪಿಯರ್ ತೂತಿನಲ್ಲೇ ಬಿಟ್ಟಿದ್ದರೆ, ಅದನ್ನು ಪ್ಲಗ್ಗಿಗೆ ಇಟ್ಟ ಕ್ಷಣ ಫೇಸು ನ್ಯೂಟ್ರಲ್ಲು ನೇರ ಶಾರ್ಟ್. ಮೀಟರು ಹೋದರೆ ಹೋಗಲಿ, ಕೈ ಮುಖ ಸುಡುತ್ತದೆ. ಕೆಂಪು ವೋಲ್ಟ್ ತೂತಿಗೆ, ಕಪ್ಪು ಕಾಮನ್ ತೂತಿಗೆ, ತಿರುಗುಣಿ ಎಸಿ 600 ಅಥವಾ 750ಕ್ಕೆ.

ಸಾಕೆಟ್ಟಿಗೆ ಎದುರಾಗಿ ನಿಂತರೆ ಮೇಲಿನ ದಪ್ಪ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಮೂರು ಅಳತೆ ತೆಗೆಯಿರಿ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230ರ ಆಸುಪಾಸು ಇರಬೇಕು. ಫೇಸಿಗೂ ಅರ್ಥಿಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಟೆಸ್ಟರ್ ಉರಿಯಿತು, ಕರೆಂಟ್ ಇದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನ್ಯೂಟ್ರಲ್ ತುಂಡಾಗಿದ್ದರೂ ಫೇಸಿನ ತೂತಿನಲ್ಲಿ ಟೆಸ್ಟರ್ ಚೆನ್ನಾಗಿಯೇ ಉರಿಯುತ್ತದೆ.

ಅಳತೆಯನ್ನು ಒಂದೇ ಹೊತ್ತಿಗೆ ಮುಗಿಸಬೇಡಿ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಬಂದ ಹೊತ್ತಿನಲ್ಲಿ ಒಂದು ಅಳತೆ, ಹೋದ ಮೇಲೆ ಇನ್ನೊಂದು. ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಎದ್ದಾಗ ಅದೇ ಸಾಕೆಟ್ಟಿನಲ್ಲಿ 170 ಕಾಣಬಹುದು. ಹಿಂದುಗಡೆ 115/230 ಸ್ವಿಚ್ ಇರುವ ಸಾಮಾನ್ಯ ಎಸ್‌ಎಂಪಿಎಸ್‌ಗಳನ್ನು ಸುಮಾರು 180ರಿಂದ 264 ವೋಲ್ಟಿನ ಒಳಗೆ ಓಡಲಿ ಅಂತ ಮಾಡಿರುತ್ತಾರೆ. 170ರಲ್ಲಿ ಅದು ನಿಂತರೆ ಕೆಟ್ಟಿದೆ ಅಂತ ಅರ್ಥವಲ್ಲ. ಆ್ಯಕ್ಟಿವ್ ಪಿಎಫ್‌ಸಿ ಅಂತ ಬರೆದಿದ್ದು, ಇನ್‌ಪುಟ್ 100–240 ಅಂತ ಇರುವುದು ಅದೇ ಲೋ ವೋಲ್ಟೇಜಿನಲ್ಲಿ ಸಲೀಸಾಗಿ ಓಡುತ್ತದೆ. ಹಳ್ಳಿ ಕಡೆ ಕೇಂದ್ರ ನಡೆಸುವವರು ಸ್ಟೆಬಿಲೈಸರಿಗೆ ಹಾಕುವ ದುಡ್ಡನ್ನು ಅಂಥದ್ದೊಂದಕ್ಕೆ ಹಾಕಿದರೆ ಹೆಚ್ಚು ಲಾಭ.

ಲೋ ವೋಲ್ಟೇಜಿಗಿಂತ ಕೆಟ್ಟದ್ದು ನ್ಯೂಟ್ರಲ್ ಹೋಗುವುದು. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರವೋ ಕಂಬದ ಮೇಲೋ ನ್ಯೂಟ್ರಲ್ ಕಿತ್ತುಕೊಂಡರೆ ಮೂರು ಫೇಸಿನ ಮನೆಗಳು ಒಂದಕ್ಕೊಂದು ಸರಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಎರಡು ಫೇಸಿನ ನಡುವಿನ ಒತ್ತಡ 400 ವೋಲ್ಟ್. ಕಡಿಮೆ ಲೋಡಿರುವ ಮನೆಗೆ ಅದರ ದೊಡ್ಡ ಪಾಲು ಹೋಗುತ್ತದೆ. ಒಂದು ಕೋಣೆಯ ಬಲ್ಬು ಧಗಧಗ ಉರಿದು ಇನ್ನೊಂದು ಮಂಕಾದರೆ ಇದೇ ಲಕ್ಷಣ. ಆಗ ಮೀಟರ್ ಹುಡುಕುತ್ತ ಕೂರಬೇಡಿ. ಮೇನ್ ಇಳಿಸಿ, 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರಿಗೆ ತಿಳಿಸಿ.

ಒಬ್ಬರು ಕೇಳಿದರು: ‘ಸರ್, ನಮ್ಮ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತೈತಿ. ಎರಡು ಎಸ್‌ಎಂಪಿಎಸ್ ಬದಲಾಯ್ಸಿದ್ವಿ, ಆದ್ರೂ ಹಂಗೇ ಐತಿ.’

ಮೂರನೆಯದು ತಂದರೂ ಹಾಗೇ ಇರುತ್ತದೆ. ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರುವ ಬಾಯಲ್ಲಿ, ಕರೆಂಟಿನಲ್ಲಿನ ಗಲಾಟೆ (ನಾಯ್ಸ್) ಸೋಸಲೆಂದು ಎರಡು ಚಿಕ್ಕ ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗ, ಇರುತ್ತವೆ. ಒಂದು ಫೇಸಿನಿಂದ ತಗಡಿನ ಮೈಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ತಗಡಿನ ಮೈಗೆ. ಅರ್ಥ್ ಇದ್ದರೆ ಅಲ್ಲಿ ಬಂದದ್ದು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧದಷ್ಟರಲ್ಲಿ, ಅಂದರೆ ಸುಮಾರು 110ರಲ್ಲಿ ನಿಲ್ಲುತ್ತದೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರಿಗೂ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುವುದು. ಎಸ್‌ಎಂಪಿಎಸ್ ಸರಿಯಾಗಿಯೇ ಇದೆ, ಸಾಕೆಟ್ಟಿಗೆ ಅರ್ಥ್ ಇಲ್ಲ. ಇದನ್ನು ಸಣ್ಣದು ಅಂತ ಬಿಡಬೇಡಿ. ಅರ್ಥ್ ಇಲ್ಲದ ಕಂಪ್ಯೂಟರಿಗೆ, ಅರ್ಥ್ ಇರುವ ಪ್ರಿಂಟರಿನ ಯುಎಸ್‌ಬಿ ವೈರೋ ಪ್ರೊಜೆಕ್ಟರಿನ ಎಚ್‌ಡಿಎಂಐ ವೈರೋ ಚುಚ್ಚುವಾಗ ಆ 110 ವೋಲ್ಟ್ ಆ ಸಣ್ಣ ಪೋರ್ಟಿನ ಮೂಲಕವೇ ದಾರಿ ಹುಡುಕುತ್ತದೆ. ಪೋರ್ಟ್ ಸುಡುವುದು ಹೀಗೆ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ಪಿನ್ ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವವರಿಗೂ ಇದೇ ಗತಿ.

ಚಿತ್ರದುರ್ಗದವರು ಅರ್ಥ್ ಗುಂಡಿಯ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಇರಬೇಕು. ಅಲ್ಲಿ ನೆಲ ಬಂಡೆ, ಮೇಲ್ಮಣ್ಣು ತೆಳು, ಮಳೆ ಕಡಿಮೆ. ಕಟ್ಟಡ ಕಟ್ಟುವಾಗ ಇದ್ದಿಲು ಉಪ್ಪು ಹಾಕಿ ಹೂತ ಪೈಪು ಮಾರ್ಚಿಯ ಹೊತ್ತಿಗೆ ಒಣಗಿದ ಮಣ್ಣಿನಲ್ಲಿ ನಿಂತಿರುತ್ತದೆ. ತೇವ ಹೋದರೆ ಅರ್ಥಿನ ಅಡ್ಡಿ ಏರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೆರಡು ಕೊಡ ನೀರು ಬೀಳಲಿ, ಪೈಪಿಗೆ ಕಟ್ಟಿದ ಜಿಐ ತಂತಿಯ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. ಹೊಸ ಗುಂಡಿ ತೋಡುವುದು, ಅರ್ಥ್ ಅಡ್ಡಿ ಅಳೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಇನ್ನು ಎಕ್ಸ್‌ಟೆನ್ಶನ್ ಬಾಕ್ಸು. ಜೆರಾಕ್ಸ್ ಅಂಗಡಿಯವರು ಹೇಳುವ ದೂರು ಒಂದೇ ಥರ: ‘ಪ್ರಿಂಟ್ ಕೊಟ್ಟ ಕೂಡ್ಲೆ ಸಿಸ್ಟಮ್ ರೀಸ್ಟಾರ್ಟ್ ಆಗ್ತೈತಿ.’ ಲೇಸರ್ ಪ್ರಿಂಟರಾಗಲಿ ಕಾಪಿಯರ್ ಆಗಲಿ, ಟೋನರನ್ನು ಕಾಗದಕ್ಕೆ ಬೇಯಿಸುವ ಹೀಟರ್ ಹೊತ್ತಿದ ಗಳಿಗೆಯಲ್ಲಿ ಸುಮಾರು ಸಾವಿರ ವ್ಯಾಟ್ ಎಳೆಯುತ್ತದೆ, ಅಂದರೆ ನಾಲ್ಕೈದು ಆಂಪಿಯರ್. ಅದೇ ಬಾಕ್ಸಿನಲ್ಲಿ ಕಂಪ್ಯೂಟರೂ ಇದ್ದು, ಸಾಕೆಟ್ಟಿನ ಪತ್ತಿ ಸಡಿಲವಾಗಿದ್ದರೆ ಅಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಿಡಿಯೂ ಹಾರುತ್ತದೆ. ಸಡಿಲ ಜಾಗದಲ್ಲಿ ಒಂದೇ ಒಂದು ಓಮ್ ಅಡ್ಡಿ ಇದ್ದು 5 ಆಂಪಿಯರ್ ಹರಿದರೆ 25 ವ್ಯಾಟ್ ಶಾಖ ಅಷ್ಟು ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ. ಒಂದು ಸೋಲ್ಡರಿಂಗ್ ಐರನ್ ಸಾಕೆಟ್ ಒಳಗೆ ಇಟ್ಟಂತೆ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ, ಬಾಕ್ಸಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಬೇರೆ ಪರೀಕ್ಷೆ ಬೇಡ, ಅದನ್ನು ಬಿಸಾಕಿ. ಪ್ರಿಂಟರಿಗೆ ಬೇರೆ ಸಾಕೆಟ್, ಕಂಪ್ಯೂಟರಿಗೆ ಬೇರೆ. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಹಾಕಲೇಬಾರದು.

ಕಂಪ್ಯೂಟರಿನ ಪವರ್ ಕಾರ್ಡ್ ಬದಲಾಯಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಮಾನಿಟರಿನದು ಅದೇ ತರಹದ್ದು, ಅದನ್ನೇ ಕಿತ್ತು ಹಾಕಿ. ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ ಗೆರೆಯ ಕಡೆಗೆ ಒತ್ತಿದೆಯಾ, ಸೊನ್ನೆಯ ಕಡೆಗೆ ಒತ್ತಿದೆಯಾ ನೋಡಿ. ಕೆಂಪು ಬಣ್ಣದ 115/230 ಸ್ವಿಚ್ ಇದ್ದರೆ 230ರಲ್ಲೇ ಇರಬೇಕು. ಶಾಲೆಯಲ್ಲಿ ಮಕ್ಕಳು ಅದನ್ನು 115ಕ್ಕೆ ಸರಿಸಿದ ಮೇಲೆ ಕರೆಂಟ್ ಕೊಟ್ಟರೆ ಒಳಗಿನ ಕೆಪಾಸಿಟರುಗಳ ಮೇಲೆ ಎರಡರಷ್ಟು ಒತ್ತಡ ಬಿದ್ದು ಪಟಾಕಿಯ ಸದ್ದೇ ಆಗುತ್ತದೆ. ಆ ಸ್ವಿಚ್ಚಿನ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡಿ.

24 ಪಿನ್ನಿನ ಮುಂದೆ

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಪಕ್ಕದ ತಗಡು ಬಿಚ್ಚಿ. ಮದರ್‌ಬೋರ್ಡಿಗೆ ಹೋಗುವ ಅಗಲವಾದ 24 ಪಿನ್ನಿನ ಕನೆಕ್ಟರಿನಲ್ಲಿ ಎಲ್ಲ ಸಾಕ್ಷಿಯೂ ಇದೆ. ಬಣ್ಣಗಳು ಡೆಸ್ಕ್‌ಟಾಪ್ ಕಂಪ್ಯೂಟರುಗಳ ಎಟಿಎಕ್ಸ್ ಮಾನದಂಡದವು: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ನೆಲ (ಗ್ರೌಂಡ್), ನೀಲಿ ಮೈನಸ್ 12. ಇವುಗಳ ಜೊತೆ ಒಂಟಿ ತಂತಿಗಳು ಮೂರು. ನೇರಳೆ, ಹಸಿರು, ಬೂದು. ರೋಗ ಹಿಡಿಯುವುದು ಈ ಮೂರರಿಂದಲೇ.

ಮೀಟರನ್ನು ಡಿಸಿ 20ಕ್ಕೆ ತಿರುಗಿಸಿ. ಕನೆಕ್ಟರ್ ಕೀಳಬೇಡಿ. ತಂತಿ ಒಳಹೋಗುವ ಹಿಂಭಾಗದಿಂದ ಮೊನೆಯನ್ನು ತಂತಿಯ ಪಕ್ಕ ನಯವಾಗಿ ಇಳಿಸಿದರೆ ಲೋಹಕ್ಕೆ ತಾಕುತ್ತದೆ. ಕಪ್ಪು ಮೊನೆ ಯಾವುದಾದರೂ ಕಪ್ಪು ತಂತಿಗೆ. ಎರಡು ಪಕ್ಕದ ಪಿನ್ನುಗಳಿಗೆ ಒಂದೇ ಮೊನೆ ತಾಗದ ಹಾಗೆ ನೋಡಿಕೊಳ್ಳಿ.

ಕಂಪ್ಯೂಟರ್ ಆಫ್ ಇದ್ದು, ಗೋಡೆಯ ಸ್ವಿಚ್ ಮಾತ್ರ ಆನ್ ಇದ್ದಾಗ ನೇರಳೆ ತಂತಿಯಲ್ಲಿ 5 ವೋಲ್ಟ್ ಇರಬೇಕು. ಇದು ಸ್ಟ್ಯಾಂಡ್‌ಬೈ. ಪವರ್ ಬಟನ್ ಒತ್ತಿದ್ದನ್ನು ಗುರುತಿಸಲು ಮದರ್‌ಬೋರ್ಡಿಗೆ ಬೇಕಾದ ಕರೆಂಟು ಇದರಿಂದಲೇ ಬರುತ್ತದೆ. 4.75ಕ್ಕಿಂತ ಕೆಳಗಿದ್ದರೆ, ಅಥವಾ ಏನೂ ಇಲ್ಲದಿದ್ದರೆ, 24 ಪಿನ್ ಮತ್ತು ಪ್ರೊಸೆಸರಿನ 4 ಪಿನ್ ಎರಡನ್ನೂ ಕಿತ್ತು ಮತ್ತೆ ಅಳೆಯಿರಿ. ಕಿತ್ತ ಮೇಲೆ 5 ಬಂದರೆ ಮದರ್‌ಬೋರ್ಡ್ ಅದನ್ನು ಎಳೆದು ಬೀಳಿಸುತ್ತಿದೆ. ಕಿತ್ತ ಮೇಲೂ ಬರದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ, ಇನ್ನು ಅನುಮಾನವಿಲ್ಲ.

ನೇರಳೆ ಸರಿ ಇದ್ದರೆ ಹಸಿರಿಗೆ ಬನ್ನಿ. ಆಫ್ ಇದ್ದಾಗ ಇದರಲ್ಲಿ 3ರಿಂದ 5 ವೋಲ್ಟ್ ಕಾಣುತ್ತದೆ. ಮೊನೆ ಅಲ್ಲೇ ಇಟ್ಟುಕೊಂಡು ಇನ್ನೊಬ್ಬರಿಂದ ಪವರ್ ಬಟನ್ ಒತ್ತಿಸಿ. ಮದರ್‌ಬೋರ್ಡ್ ಹಸಿರನ್ನು ನೆಲಕ್ಕೆ ಎಳೆಯಬೇಕು, ಮೀಟರ್ 0.8ಕ್ಕಿಂತ ಕೆಳಗೆ, ಬಹುಮಟ್ಟಿಗೆ ಸೊನ್ನೆಗೆ ಬರಬೇಕು. ಇಡೀ ಉಪನ್ಯಾಸದಲ್ಲಿ ಒಂದೇ ನೆನಪಿಟ್ಟುಕೊಳ್ಳುವುದಾದರೆ ಈ ಹಸಿರು ತಂತಿಯನ್ನು ಇಟ್ಟುಕೊಳ್ಳಿ. ಬಟನ್ ಒತ್ತಿದರೂ ಹಸಿರು ಇಳಿಯಲಿಲ್ಲ ಅಂದರೆ ಎಸ್‌ಎಂಪಿಎಸ್ಸಿನ ತಪ್ಪಿಲ್ಲ, ಅದಕ್ಕೆ ‘ಏಳು’ ಅಂತ ಯಾರೂ ಹೇಳಿಯೇ ಇಲ್ಲ. ಆಗ ಮುಂದಿನ ಬಟನ್ನಿನ ವೈರು ಬಿಚ್ಚಿ, ಮದರ್‌ಬೋರ್ಡಿನ ಪವರ್ ಸ್ವಿಚ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಕ್ಷಣ ಮಾತ್ರ ತಾಗಿಸಿ. ಎದ್ದರೆ ಬಟನ್ ಕೆಟ್ಟಿದೆ, ರೀಸೆಟ್ ಬಟನ್ನಿನ ವೈರನ್ನು ಅಲ್ಲಿಗೆ ಹಾಕಿ ಕೆಲಸ ಮುಂದುವರಿಸಿ. ಏಳದಿದ್ದರೆ ಮದರ್‌ಬೋರ್ಡು.

ಹಸಿರು ಇಳಿಯಿತು, ಆದರೂ ಏನೂ ಅಲುಗಲಿಲ್ಲ ಅಂದರೆ ಎಸ್‌ಎಂಪಿಎಸ್ ಸತ್ತಿದೆ, ಇಲ್ಲವೇ ಎಲ್ಲೋ ಶಾರ್ಟ್ ಇದ್ದು ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಫ್ಯಾನ್ ಒಂದು ಸಲ ಅಲುಗಿ ನಿಲ್ಲುವುದು ಈ ಎರಡನೆಯದರ ಲಕ್ಷಣ. ಹೀಗೆ ಒಮ್ಮೆ ಮುನಿಸಿಕೊಂಡ ಎಸ್‌ಎಂಪಿಎಸ್ ಮತ್ತೆ ಮತ್ತೆ ಬಟನ್ ಒತ್ತಿದರೆ ಏಳುವುದಿಲ್ಲ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿಹಿಡಿದು ಉಳಿದದ್ದನ್ನು ಖಾಲಿ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಕೊಡಬೇಕು.

ಶಾರ್ಟ್ ಹುಡುಕುವಾಗ ಒಂದೊಂದೇ ಬಿಚ್ಚುತ್ತ ಹೋಗಿ. ಮೊದಲು ಮುಂದಿನ ಯುಎಸ್‌ಬಿ ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಪೆನ್‌ಡ್ರೈವ್ ತಿರುಗಾಮುರುಗಾ ತುರುಕಿ ಒಳಗಿನ ಪತ್ತಿ ಬಾಗಿ ತಗಡಿಗೆ ತಾಗಿದ್ದರೆ, ಆ 5 ವೋಲ್ಟ್ ಶಾರ್ಟಿನಿಂದಲೇ ಇಡೀ ಮಿಷನ್ ಏಳದೆ ಕೂರುತ್ತದೆ. ಶಾಲಾ ಲ್ಯಾಬುಗಳಲ್ಲಿ ಇದು ತೀರಾ ಮಾಮೂಲು. ಆಮೇಲೆ ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್, ಗ್ರಾಫಿಕ್ಸ್ ಕಾರ್ಡ್. ಕೊನೆಗೆ ಪ್ರೊಸೆಸರ್ ಮತ್ತು ಒಂದೇ ರ್‍ಯಾಮ್ ಉಳಿಯಲಿ. ಆಗಲೂ ಏಳದಿದ್ದರೆ ಪ್ಲಗ್ ಕಿತ್ತು, ಎಸ್‌ಎಂಪಿಎಸ್ ವೈರುಗಳನ್ನೆಲ್ಲ ಬಿಡಿಸಿ, ಮೀಟರನ್ನು ಓಮ್‌ಗೆ ಹಾಕಿ, ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ 12 ವೋಲ್ಟಿನ ಪಿನ್ನಿಗೂ ನೆಲಕ್ಕೂ ನಡುವೆ ಅಳೆಯಿರಿ. ಪ್ರೊಸೆಸರಿನ 4 ಪಿನ್ ಸಾಕೆಟ್ಟಿನಲ್ಲೂ ಹಾಗೇ. ಬೀಪ್ ಹೊಡೆದು ಒಂದು ಓಮಿಗಿಂತ ಕಡಿಮೆ ತೋರಿಸಿದರೆ ಬೋರ್ಡಿನ ಮೇಲೇ ಶಾರ್ಟ್ ಇದೆ, ಸಾಮಾನ್ಯವಾಗಿ ಪ್ರೊಸೆಸರ್ ಪಕ್ಕದ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್). ಹೊಸ ಎಸ್‌ಎಂಪಿಎಸ್ ತಂದರೂ ಅದೂ ಅಲುಗಿ ನಿಲ್ಲುತ್ತದೆ.

ಬೂದು ತಂತಿ ಎಸ್‌ಎಂಪಿಎಸ್ ಕೊಡುವ ‘ಎಲ್ಲ ಸರಿ ಇದೆ’ ಎಂಬ ಸಂಕೇತ. 12, 5, 3.3 ವೋಲ್ಟಿನ ಎಲ್ಲ ಲೈನುಗಳೂ ನೆಲೆಗೊಂಡು 100ರಿಂದ 500 ಮಿಲಿಸೆಕೆಂಡ್ ಒಳಗೆ ಇದು 5 ವೋಲ್ಟಿಗೆ ಏರಬೇಕು. ಫ್ಯಾನುಗಳು ಓಡುತ್ತಿದ್ದು ಬೂದು ಸೊನ್ನೆಯಲ್ಲೇ ಇದ್ದರೆ ಮದರ್‌ಬೋರ್ಡ್ ಕಾಯುತ್ತ ಕೂತಿದೆ, ಪ್ರೊಸೆಸರ್ ಓಡುವುದೇ ಇಲ್ಲ.

ಅದಕ್ಕೇ ‘ಫ್ಯಾನ್ ತಿರುಗ್ತೈತಿ, ಎಸ್‌ಎಂಪಿಎಸ್ ಓಕೆ’ ಅನ್ನುವ ಮಾತು ಒಪ್ಪಬೇಡಿ. ಫ್ಯಾನಿಗೆ ಬೇಕಾದ್ದು ಒಂದೆರಡು ವ್ಯಾಟ್. ಹಾಗೆಂದು ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದ ಮಿಷನ್ನೆಲ್ಲ ಎಸ್‌ಎಂಪಿಎಸ್ ರೋಗವೂ ಅಲ್ಲ. ಮೊದಲು ರ್‍ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ ಹಾಕಿ. ಪ್ರೊಸೆಸರಿನ 4 ಪಿನ್ ಹಾಕುವುದನ್ನೇ ಮರೆತಿರುವುದೂ ಉಂಟು.

ಲೈನುಗಳ ಅಳತೆಗೆ ಮಿತಿ ಐದು ಪರ್ಸೆಂಟ್: 12 ಅಂದರೆ 11.40ರಿಂದ 12.60, 5 ಅಂದರೆ 4.75ರಿಂದ 5.25, 3.3 ಅಂದರೆ 3.14ರಿಂದ 3.47. ಖಾಲಿ ಕೂತ ಮಿಷನ್ನಿನಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು, ಹಳದಿಯ ಮೇಲೆ ಮೊನೆ ಇಟ್ಟು ನೋಡಿ. 12.1 ಇದ್ದದ್ದು 11.3ಕ್ಕೆ ಜಾರಿ ಆ ಕ್ಷಣ ರೀಸ್ಟಾರ್ಟ್ ಆದರೆ ಇನ್ನೇನು ಬೇಕು. ಬಯಾಸ್ ಪರದೆಯಲ್ಲಿ ಕಾಣುವ ವೋಲ್ಟೇಜ್ ಅಂದಾಜು ಮಾತ್ರ, ಮೀಟರನ್ನೇ ನಂಬಿ. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಕರ್ನಲ್–ಪವರ್ 41 ಕಂಡ ಕೂಡಲೇ ಎಸ್‌ಎಂಪಿಎಸ್ ಅನ್ನುವವರಿದ್ದಾರೆ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತಷ್ಟೇ ಅದು ಹೇಳುತ್ತದೆ. ಬೆಸ್ಕಾಂ ಕರೆಂಟ್ ತೆಗೆದರೂ ಅದೇ 41 ಬರುತ್ತದೆ. ಪ್ರೊಸೆಸರ್ ಬಿಸಿಯಾಗಿ ನಿಂತಿದ್ದನ್ನೂ ಬೇರೆ ಮಾಡಿಕೊಳ್ಳಬೇಕು. ಬಿಸಿಗೆ ಹೊತ್ತು ಬೇಕು, ತಾಪ 95–100 ಡಿಗ್ರಿ ದಾಟುವುದು ತಂತ್ರಾಂಶದಲ್ಲಿ ಕಾಣುತ್ತದೆ. 12 ವೋಲ್ಟ್ ಕುಸಿತಕ್ಕೆ ಹೊತ್ತು ಬೇಡ, ಲೋಡ್ ಬಿದ್ದ ಕ್ಷಣವೇ ಸಾಕು.

ಕ್ಲಿಪ್ ಪರೀಕ್ಷೆ, ಬಲ್ಬಿನೊಂದಿಗೆ

ಹಸಿರನ್ನು ಕಪ್ಪಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಎಸ್‌ಎಂಪಿಎಸ್ಸಿನ ವೈರೆಲ್ಲ ಬಿಚ್ಚಿದ ಮೇಲೆ ಮಾತ್ರ ಮಾಡಿ. ತಂತಿಗಳೆಲ್ಲ ಕಪ್ಪು ಬಣ್ಣದ್ದಾದರೆ ಕನೆಕ್ಟರಿನಲ್ಲಿ ಬೀಗದ ಕೊಂಡಿ ಇರುವ ಸಾಲು ಹಿಡಿದು, 3.3 ವೋಲ್ಟ್ ಇರುವ ತುದಿಯಿಂದ ಎಣಿಸಿ. ನಾಲ್ಕನೆಯದು ಹಸಿರಿನ ಜಾಗ, ಅದರ ಎರಡೂ ಪಕ್ಕದವು ನೆಲ. ಬ್ರ್ಯಾಂಡೆಡ್ ಆಫೀಸ್ ಕಂಪ್ಯೂಟರುಗಳಲ್ಲಿ ಬರೀ 12 ವೋಲ್ಟ್ ಕೊಡುವ, 6 ಅಥವಾ 10 ಪಿನ್ನಿನ ಬೇರೆ ಥರದವು ಬರುತ್ತವೆ. ಅವುಗಳಿಗೆ ಈ ಲೆಕ್ಕ ಹಾಕಬೇಡಿ.

ಫ್ಯಾನ್ ತಿರುಗಿದ ಮಾತ್ರಕ್ಕೆ ಪಾಸ್ ಅಲ್ಲ, ಲೋಡ್ ಕೊಡಬೇಕು. ಇಂಡಿಕೇಟರ್ ಬಲ್ಬ್ ತನ್ನಿ ಅಂದದ್ದು ಇದಕ್ಕೇ. 12 ವೋಲ್ಟ್ 21 ವ್ಯಾಟಿನ ಬಲ್ಬ್ ಹಳದಿ–ಕಪ್ಪಿಗೆ ಕೊಟ್ಟರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಅದು ನಿಂತರೆ ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬು, ಅದು ನಾಲ್ಕೂವರೆ ಆಂಪಿಯರ್. ಮೊದಲೇ ಹೆಡ್‌ಲೈಟ್ ಹಾಕಿದರೆ ತಣ್ಣಗಿನ ತಂತು ಒಮ್ಮೆಗೇ ಹೆಚ್ಚು ಎಳೆದು ಒಳ್ಳೆಯ ಎಸ್‌ಎಂಪಿಎಸ್ಸೂ ಟ್ರಿಪ್ ಆಗಬಹುದು. ಜೊತೆಗೆ ಹಳೆಯ ಹಾರ್ಡ್‌ಡಿಸ್ಕ್ ಒಂದನ್ನು ಹಾಕಿ, 5 ವೋಲ್ಟಿನ ಮೇಲೂ ಸ್ವಲ್ಪ ಲೋಡ್ ಇರಲಿ. ಅಗ್ಗದವುಗಳಲ್ಲಿ 12ನ್ನೂ 5ನ್ನೂ ಒಂದೇ ನಿಯಂತ್ರಣ ನೋಡಿಕೊಳ್ಳುತ್ತದೆ. 12ರ ಮೇಲೆ ಮಾತ್ರ ಲೋಡ್ ಹಾಕಿದರೆ ಅದು ಇಳಿದು 5 ಏರುತ್ತದೆ. ಹತ್ತು ನಿಮಿಷ ಉರಿಸಿ, ಶುರುವಿಗೊಮ್ಮೆ ಕೊನೆಗೊಮ್ಮೆ ಅಳೆಯಿರಿ. ಬಲ್ಬ್ ಮುಟ್ಟಬೇಡಿ, ಕೈ ಸುಡುತ್ತದೆ.

ಮೀಟರಿಗೂ ಕಾಣದ್ದು ಒಂದಿದೆ, ರಿಪಲ್, ಅಂದರೆ ಡಿಸಿ ವೋಲ್ಟೇಜಿನ ಮೇಲಿನ ವೇಗದ ಸಣ್ಣ ಏರಿಳಿತ. ಕೆಪಾಸಿಟರ್ ಒಣಗಿದ ಎಸ್‌ಎಂಪಿಎಸ್ ಸರಾಸರಿ 12.0 ಕೊಟ್ಟೂ ಒಳಗೊಳಗೇ ನಡುಗುತ್ತಿರುತ್ತದೆ. ಮಿತಿ 12ರಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50. ಅಗ್ಗದ ಮೀಟರಿನ ಎಸಿ ಅಳತೆ ಆ ವೇಗದ ನಡುಕವನ್ನು ಹಿಡಿಯುವುದಿಲ್ಲ, ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಬೇಕು. ಹಾಗಾಗಿ ಅಳತೆಯೆಲ್ಲ ಸರಿ ಇದ್ದು, ರ್‍ಯಾಮ್ ಸರಿ ಇದ್ದು, ಮಿಷನ್ ಆಗಾಗ ಹ್ಯಾಂಗ್ ಆಗುತ್ತಿದ್ದರೆ ಖಚಿತವಾಗಿ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಒಂದು ದಿನ ಓಡಿಸಿ ನೋಡುವುದೇ ದಾರಿ.

ಬೆಳಿಗ್ಗೆ ಏಳದ ಮಿಷನ್ನು, ಕರೆಂಟ್ ಹೋದರೆ ಬೀಳುವ ಮಿಷನ್ನು

‘ಬೆಳಿಗ್ಗೆ ನಾಕೈದು ಸಲ ಒತ್ತಿದ ಮ್ಯಾಲೆ ಎದ್ದೇಳ್ತೈತಿ. ಆಮ್ಯಾಲೆ ದಿನಾಪೂರ್ತಿ ಆರಾಮ್.’ ಇದು ಒಣಗುತ್ತಿರುವ ಕೆಪಾಸಿಟರಿನ ದೂರು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗೆ ದ್ರವ ಇರುತ್ತದೆ. ತಾಪ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲು, ಮಂಡಕ್ಕಿ ಭಟ್ಟಿಯ ಹತ್ತಿರದ ಬೂದಿ, ಜೆರಾಕ್ಸ್ ಅಂಗಡಿಯ ಟೋನರ್ ಪುಡಿ ಸೇರಿ ಎಸ್‌ಎಂಪಿಎಸ್ ಫ್ಯಾನಿನ ಜಾಲರಿ ಮುಚ್ಚಿಕೊಂಡರೆ ಒಳಗಿನ ಬಿಸಿ ಹೇಗಿರಬೇಕು. ಜಾಲರಿಯ ಮುಂದೆ ತೆಳ್ಳನೆಯ ಕಾಗದದ ಚೂರು ಹಿಡಿದರೆ ಗಾಳಿ ಎಷ್ಟಿದೆ ಅಂತ ಗೊತ್ತಾಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದಿಟ್ಟುಕೊಳ್ಳಿ, ಬಿರುಗಾಳಿಗೆ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಬೆಳಿಗ್ಗೆ ಏಳದ ಮಿಷನ್ನನ್ನು ‘ನಡೀಲಿ ಬಿಡ್ರಿ’ ಅಂತ ಬಿಡುವುದು ದುಬಾರಿ. ಒಣಗಿದ್ದು ಸ್ಟ್ಯಾಂಡ್‌ಬೈ ಭಾಗದ ಚಿಕ್ಕ ಕೆಪಾಸಿಟರ್ ಆದರೆ, ಕೆಲವು ಹಳೆಯ ವಿನ್ಯಾಸಗಳಲ್ಲಿ ನೇರಳೆಯ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ. 5 ಇರಬೇಕಾದದ್ದು ಎಷ್ಟೋ ಮೇಲೆ ಹೋಗಿ, ಮಿಷನ್ ಆಫ್ ಇರುವಾಗಲೇ ಮದರ್‌ಬೋರ್ಡ್ ಸಾಯುತ್ತದೆ. ನೇರಳೆ 5.25 ದಾಟಿದ್ದು ಕಂಡರೆ ಆ ಎಸ್‌ಎಂಪಿಎಸ್ ಅವತ್ತೇ ಬಿಚ್ಚಿ.

ಇನ್ನು ಯುಪಿಎಸ್ ಇದ್ದೂ ಕರೆಂಟ್ ಹೋದ ಕೂಡಲೇ ರೀಸ್ಟಾರ್ಟ್. ಅಂಗಡಿಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನದು. ಕರೆಂಟಿನಿಂದ ಬ್ಯಾಟರಿಗೆ ದಾಟಲು 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಸಂದಿಯಲ್ಲಿ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಟ್ಟದ್ದರಿಂದ ತಡೆದುಕೊಳ್ಳಬೇಕು. ಮಾನದಂಡ ಕೇಳುವುದು 16–17 ಮಿಲಿಸೆಕೆಂಡ್. ಹಳತಾದರೆ ಅಥವಾ ಮೊದಲೇ ಸಣ್ಣ ಕೆಪಾಸಿಟರ್ ಹಾಕಿ ದುಡ್ಡು ಉಳಿಸಿದ್ದರೆ ಅಷ್ಟು ತಾಳುವುದಿಲ್ಲ. ತಪ್ಪು ಯಾರದ್ದು ಅಂತ ತಿಳಿಯಲು ಕಂಪ್ಯೂಟರ್ ಬದಲು 60 ವ್ಯಾಟಿನ ತಂತಿ ಬಲ್ಬನ್ನು ಯುಪಿಎಸ್ಸಿಗೆ ಹಾಕಿ ಗೋಡೆಯ ಸ್ವಿಚ್ ಆರಿಸಿ. ಬಲ್ಬ್ ಒಂದು ಕ್ಷಣ ಮಿಣುಕಿ ಉರಿಯುತ್ತಲೇ ಇದ್ದರೆ ಯುಪಿಎಸ್ ಸರಿ, ಎಸ್‌ಎಂಪಿಎಸ್ ನೋಡಿ. ಬಲ್ಬೂ ಆರಿದರೆ ಯುಪಿಎಸ್ಸಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಮುಗಿದಿದೆ. ಮನೆಯ ಇನ್ವರ್ಟರಿಗೆ ಹಾಕಿದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯಾ ನೋಡಿ. ನಾರ್ಮಲ್ ಮೋಡಿನಲ್ಲಿ ಅದು ದಾಟಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ತಗಡು ಬಿಚ್ಚುವವರಿಗೆ

ಎಸ್‌ಎಂಪಿಎಸ್ಸಿನ ಒಳಗೆ ರಿಪೇರಿ ಎಲ್ಲರ ಕೆಲಸವಲ್ಲ. 230 ವೋಲ್ಟ್ ಎಸಿ ಡಿಸಿಯಾದಾಗ ಸುಮಾರು 325 ವೋಲ್ಟ್ ಆಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ನಿಮಿಷಗಟ್ಟಲೆ ಇರುತ್ತದೆ, ಕೆಟ್ಟು ನಿಂತದ್ದರಲ್ಲಿ ಇನ್ನೂ ಹೆಚ್ಚು ಹೊತ್ತು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಹೋಲ್ಡರಿಗೆ ಹಾಕಿದ 230 ವೋಲ್ಟಿನ ತಂತಿ ಬಲ್ಬಿನ ಎರಡು ವೈರನ್ನು ಅದರ ಕಾಲುಗಳಿಗೆ ಹಿಡಿದು, ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ.

ಫ್ಯೂಸ್ ಕಪ್ಪಾಗಿ ಸುಟ್ಟಿದ್ದರೆ ಅದೊಂದನ್ನೇ ಬದಲಾಯಿಸಿದರೆ ಇನ್ನೊಂದು ಫ್ಯೂಸ್ ದಂಡ, ಹಿಂದೆ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಭಾಗ) ಅಥವಾ ಮಾಸ್‌ಫೆಟ್ ಶಾರ್ಟ್ ಆಗಿರುತ್ತದೆ. ಫ್ಯೂಸಿನ ಪಕ್ಕದ ನೀಲಿ ಬಿಲ್ಲೆಯಂಥ ವೇರಿಸ್ಟರ್ ಸೀಳಿದ್ದರೆ ಮೇಲಿಂದ ಹೈ ವೋಲ್ಟೇಜ್ ಬಂದಿತ್ತು ಅನ್ನುವುದಕ್ಕೆ ಸಾಕ್ಷಿ. ಅದರ ಮೇಲೆ 471 ಅಂತ ಇದ್ದರೆ 470 ವೋಲ್ಟಿನದು, ಅದೇ ಹಾಕಿ. ತೆಗೆದು ಖಾಲಿ ಬಿಟ್ಟರೆ ಮುಂದಿನ ಸಲ ಕಾಪಾಡುವವರಿಲ್ಲ. ಹೊರಬದಿಯ ಕೆಪಾಸಿಟರುಗಳ ನೆತ್ತಿಯಲ್ಲಿ ಅಡ್ಡಗೆರೆ ಇರುತ್ತದೆ. ಅದು ಸಪಾಟಾಗಿರಬೇಕು, ಬೆರಳಿಗೆ ಗುಬ್ಬಿಯಂತೆ ತಾಗಿದರೆ, ಕಂದು ಪುಡಿ ಕಂಡರೆ ಮುಗಿಯಿತು. ಬುಡದಲ್ಲಿ ಕಾಣುವ ಹಳದಿ ಮೇಣದಂಥದ್ದು ಸೋರಿಕೆಯಲ್ಲ, ಫ್ಯಾಕ್ಟರಿಯ ಅಂಟು. ಆದರೆ ಅದು ಕಪ್ಪುಕಂದಾಗಿದ್ದರೆ ಕೆರೆದು ತೆಗೆಯಿರಿ, ಹಳೆಯ ಅಂಟು ಕರೆಂಟ್ ಹರಿಸಲು ಶುರುಮಾಡುತ್ತದೆ. ಹೊಸ ಕೆಪಾಸಿಟರ್ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದು, ಲೋ ಇಎಸ್‌ಆರ್ (ಒಳಗಿನ ಅಡ್ಡಿ ಕಡಿಮೆ ಇರುವುದು) ಆಗಿರಬೇಕು. ರಿಪೇರಿಯಾದ ಮೇಲೆ ನೇರ ಪ್ಲಗ್ಗಿಗೆ ಕೊಡದೆ ಫೇಸ್ ತಂತಿಯ ನಡುವೆ ಸರಣಿಯಲ್ಲಿ ಸೇರಿಸಿದ 60–100 ವ್ಯಾಟಿನ ತಂತಿ ಬಲ್ಬಿನ (ಸೀರೀಸ್ ಬಲ್ಬ್) ಮೂಲಕ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು, ಜೋರಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ.

ಹೊಸದು ಕೊಳ್ಳುವವರು ಡಬ್ಬಿಯ ಮೇಲಿನ 450 ನೋಡಬೇಡಿ, ಮೈಮೇಲಿನ ಚೀಟಿಯಲ್ಲಿ 12 ವೋಲ್ಟಿನ ಆಂಪಿಯರ್ ನೋಡಿ. 14 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ, 168 ವ್ಯಾಟ್. ಈಗಿನ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ 12ರಿಂದಲೇ. ಬರೀ ಟೈಪಿಂಗು, ಆಧಾರ್ ಅರ್ಜಿ, ಪಹಣಿ ತೆಗೆಯುವ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಿಷನ್ನಿಗೆ 168 ಸಾಕು. ಫೋಟೋಶಾಪ್, ವಿಡಿಯೋ ಎಡಿಟಿಂಗ್ ಅಂತ ಕಾರ್ಡ್ ಹಾಕುವ ಸ್ಟುಡಿಯೋದವರಿಗೆ ಸಾಲದು.

ಕೊನೆಗೆ ಒಬ್ಬ ಮೇಷ್ಟ್ರು ಕೇಳಿದರು: ‘ನಮ್ಮ ಲ್ಯಾಬ್‌ನಾಗೆ ಇಪ್ಪತ್ತು ಸಿಸ್ಟಮ್ ಅದಾವೆ. ಸ್ಪೇರ್ ಎಷ್ಟು ಇಟ್ಕೋಬೇಕು?’

ಎಲ್ಲ ಒಂದೇ ಮಾದರಿಯವಾದರೆ ಎರಡು ಸಾಕು. ತಂದ ದಿನವೇ ಬಲ್ಬ್ ಹಾಕಿ ಪರೀಕ್ಷಿಸಿ, ನೇರಳೆ ಮತ್ತು ಹಳದಿಯ ಅಳತೆಯನ್ನೂ ತಾರೀಖನ್ನೂ ಮೈಮೇಲೆ ಬರೆದಿಡಿ. ವರ್ಷಕ್ಕೊಮ್ಮೆ ಒಂದು ಗಂಟೆ ಓಡಿಸಿ, ಸುಮ್ಮನಿಟ್ಟರೂ ಕೆಪಾಸಿಟರ್ ಹಾಳಾಗುತ್ತದೆ. ಕೇಬಲ್ ಕಳಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರ ಕೇಬಲನ್ನು ಅದರ ಮೈಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಆದರೆ ಪಿನ್ನುಗಳ ಕ್ರಮ ಬೇರೆ. 5 ಬರಬೇಕಾದಲ್ಲಿ 12 ಬಂದು ಹಾರ್ಡ್‌ಡಿಸ್ಕ್ ಹೋಗುತ್ತದೆ. ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲು, ರಜಕ್ಕೆ ಬೀಗ ಹಾಕುವಾಗ, ಪವರ್ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಸಿಡಿಲು ಅದರಲ್ಲೂ ಬರುತ್ತದೆ.